ತುಟ್ಟಿಕಾಲದ ಪ್ರೀತಿ

ಹಲವು ವರ್ಷಗಳ ಹಿಂದಿನ ಮಾತು. ಎಂ.ಎ. ತರಗತಿಯಲ್ಲಿ ಭಾಷಾಂತರದ ಸಮಸ್ಯೆಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿಮೂರನೆಯ ಅಧ್ಯಾಯವನ್ನು ಉದಾಹರಣೆಯಾಗಿ ಎತ್ತಿಕೊಂಡಿದ್ದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಆ ಅಧ್ಯಾಯದ ಜೀವಾಳವಾದ ಪದ ‘ಚಾರಿಟಿ’. ಅದೇ ಅಧ್ಯಾಯವನ್ನು ನಮ್ಮ ಕನ್ನಡ ಬೈಬಲ್ಲಿನಲ್ಲಿ ತೆರೆದರೆ ಅಲ್ಲಿರುವುದು ‘ಪ್ರೀತಿ’. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಚಾರಿಟಿ ಎಂದರೆ ದಾನಧರ್ಮ ಅಲ್ಲವೇ? ದಾನ ಬೇರೆ, ಪ್ರೀತಿ ಬೇರೆ. ಹಾಗಾದರೆ ತಪ್ಪಿದವರು ಯಾರು, ಇಂಗ್ಲಿಷಿನವರೋ ನಮ್ಮವರೋ?”

ತಪ್ಪಿದವರು ಯಾರೂ ಅಲ್ಲ ಎಂದು ಹೇಳಿದೆ. ಪೌಲನು ಬರೆದ ಗ್ರೀಕ್ ಪದ ‘ಅಗಾಪೆ’. ಲ್ಯಾಟಿನ್ ಭಾಷಾಂತರದಲ್ಲಿ ಅದು ‘ಕಾರಿತಾಸ್’ ಆಯಿತು. ಅದರ ಮೊಮ್ಮಗಳೇ ‘ಚಾರಿಟಿ’. 1526ರಲ್ಲಿಯೇ ಟಿಂಡೇಲನು ಈ ಸ್ಥಳದಲ್ಲಿ ‘ಪ್ರೀತಿ’ ಎಂಬರ್ಥದ ಸಾದಾ ಇಂಗ್ಲಿಷ್ ಪದವನ್ನು ಬಳಸಿದ್ದನು, 1611ರ ಪಂಡಿತರು ಮತ್ತೆ ‘ಚಾರಿಟಿ’ಗೆ ಮರಳಿದರು, 1881ರ ಪರಿಷ್ಕರಣದಲ್ಲಿ ‘ಪ್ರೀತಿ’ಯೇ ಗೆದ್ದಿತು. ಅಷ್ಟು ಹೊತ್ತಿಗೆ ‘ಚಾರಿಟಿ’ ಎಂಬ ಮಾತು ಬಹಳ ಸವೆದುಹೋಗಿತ್ತು. ಮೊದಲು ಪ್ರೀತಿ ಎಂದಿದ್ದದ್ದು ಪ್ರೀತಿಯಿಂದ ಕೊಡುವುದು ಎಂದಾಗಿ, ಆಮೇಲೆ ಬರಿಯ ಕೊಡುವುದು ಎಂದಾಗಿ, ಕೊನೆಗೆ ಬಟ್ಟಲಿಗೆ ಬಿದ್ದ ಕಾಸಿನ ಸದ್ದಷ್ಟೇ ಆಗಿ ಉಳಿದಿತ್ತು.

ಪಾಠ ಅಲ್ಲಿಗೆ ಮುಗಿಯಿತು. ಆದರೆ ಆ ಹುಡುಗನ ಪ್ರಶ್ನೆ ನನ್ನೊಳಗೆ ಮುಗಿಯಲಿಲ್ಲ. ‘ಕಾರಿತಾಸ್’ ಎಂಬ ಲ್ಯಾಟಿನ್ ಪದದ ಬೇರನ್ನು ಹುಡುಕಿ ಹೋದಾಗ ಒಂದು ಸೋಜಿಗ ಕಾದಿತ್ತು. ಆ ಪದಕ್ಕೆ ಅಕ್ಕರೆ ಎಂಬ ಅರ್ಥ ಇರುವಂತೆಯೇ ಬೆಲೆಯೇರಿಕೆ, ತುಟ್ಟಿ ಎಂಬ ಅರ್ಥವೂ ಉಂಟು. ಧಾನ್ಯದ ಬೆಲೆ ಏರಿ ಜನ ಕಂಗೆಟ್ಟಾಗ ರೋಮನ್ನರು ಅದನ್ನು ಧಾನ್ಯದ ‘ಕಾರಿತಾಸ್’ ಎಂದೇ ಕರೆಯುತ್ತಿದ್ದರು. ಅಚ್ಚುಮೆಚ್ಚಿನವನೂ ‘ಕಾರುಸ್’, ಬೆಲೆ ಹೆಚ್ಚಾದ ಗೋಧಿಯೂ ‘ಕಾರುಸ್’. ಇಂಗ್ಲಿಷಿನ ‘ಡಿಯರ್’ ಎಂಬ ಪದದಲ್ಲಿಯೂ ಈ ಎರಡು ಅರ್ಥಗಳು ಇವೆಯಷ್ಟೆ. ಒಂದು ಊರಿನಲ್ಲಿ ಒಮ್ಮೆಗೇ ಎರಡೂ ಎದುರುಬದುರಾಗಿ ನಿಂತರೆ ಏನಾದೀತು? ಧಾನ್ಯ ತುಟ್ಟಿಯಾಗಬೇಕೋ ಮನುಷ್ಯ ತುಟ್ಟಿಯಾಗಬೇಕೋ ಎಂದು ಆ ಊರು ಆರಿಸಿಕೊಳ್ಳಬೇಕಾದರೆ? ಅಂಥ ಒಂದು ಊರಿನ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅಲ್ಲಿಯ ಜನರ ಭಾಷೆ ಲ್ಯಾಟಿನ್ ಅಲ್ಲ, ಗ್ರೀಕ್. ಆದರೆ ಹಸಿವಿಗೆ ಭಾಷೆಯ ಭೇದವಿಲ್ಲ.

ಊರಿನ ಹೆಸರು ಕೈಸರೈಯ. ಬೈಬಲ್ಲಿನಲ್ಲಿ ಬರುವ ಪ್ಯಾಲೆಸ್ಟೈನಿನ ಕಡಲ ತೀರದ ಕೈಸರೈಯ ಬೇರೆ. ಇದು ಕಪ್ಪದೋಕ್ಯ ಪ್ರಾಂತದ ರಾಜಧಾನಿ, ಇಂದಿನ ತುರ್ಕಿಯ ನಡುನಾಡಿನ ಕೈಸೆರಿ ನಗರ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಬಯಲು. ಪಕ್ಕದಲ್ಲಿ ಹಿಮ ಹೊತ್ತ ಅರ್ಗೇಯಸ್ ಪರ್ವತ. ಕುದುರೆಗಳಿಗೆ ಹೆಸರಾದ ನಾಡು. ಭೂಮಿಯ ಬಹುಭಾಗ ಚಕ್ರವರ್ತಿಯ ಮತ್ತು ಕೆಲವೇ ದೊಡ್ಡ ಮನೆತನಗಳ ಕೈಯಲ್ಲಿತ್ತು. ಒಂದು ಕೊರತೆ ಮಾತ್ರ ಎದ್ದುಕಾಣುತ್ತಿತ್ತು: ಕಡಲು ದೂರ. ಅಂದಿನ ಕಾಲದಲ್ಲಿ ಧಾನ್ಯವನ್ನು ಹಡಗಿನಲ್ಲಿ ಸಾಗಿಸುವುದು ಸುಲಭ, ಎತ್ತಿನ ಬಂಡಿಯಲ್ಲಿ ಸಾಗಿಸುವುದು ಬಲು ಕಷ್ಟ. ಕ್ರಿ.ಶ. 301ರ ಡಯೋಕ್ಲೀಶಿಯನ್ ಚಕ್ರವರ್ತಿಯ ಬೆಲೆಶಾಸನವನ್ನು ಆಧರಿಸಿ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ: ಬಂಡಿಯ ಮೇಲೆ ಗೋಧಿ 300 ಮೈಲಿ ಸಾಗುವಷ್ಟರಲ್ಲಿ ಅದರ ಬೆಲೆ ಇಮ್ಮಡಿಯಾಗುತ್ತಿತ್ತು. ಬಂದರು ಪಟ್ಟಣದಲ್ಲಿ ಮಳೆ ತಪ್ಪಿದರೆ ಈಜಿಪ್ಟಿನ ಗೋಧಿ ತರಿಸಬಹುದು. ಕೈಸರೈಯದಲ್ಲಿ ಮಳೆ ತಪ್ಪಿದರೆ ಊರಿನ ಕಣಜವೇ ಗತಿ. ಆ ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದೇ ಊರಿನ ಅಳಿವು ಉಳಿವಿನ ಪ್ರಶ್ನೆ.

ಕಥೆಗೆ ಹೋಗುವ ಮುನ್ನ ಒಂದು ಮಾತು. ಕ್ರೈಸ್ತರು ಬರುವುದಕ್ಕೆ ಮುಂಚೆ ಗ್ರೀಕ್ ರೋಮನ್ ನಗರಗಳಲ್ಲಿ ಉದಾರಿಗಳೇ ಇರಲಿಲ್ಲವೆಂದು ಭಾವಿಸಿದರೆ ಅದು ಅನ್ಯಾಯ. ಧಾರಾಳವಾಗಿ ಕೊಡುವವರಿದ್ದರು. ಸಿರಿವಂತರು ಊರಿಗೆ ಸ್ನಾನಗೃಹ ಕಟ್ಟಿಸಿದರು, ರಂಗಮಂದಿರ ಕಟ್ಟಿಸಿದರು, ಎಣ್ಣೆ ಹಂಚಿದರು, ಔತಣ ಹಾಕಿಸಿದರು. ಊರು ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿತು. ಆಗಸ್ಟಸನ ಕಾಲದ ರೋಮಿನಲ್ಲಿ ಸುಮಾರು 2,00,000 ಜನ ಸರ್ಕಾರದಿಂದ ಪುಕ್ಕಟೆ ಗೋಧಿ ಪಡೆಯುತ್ತಿದ್ದರು. ಆದರೆ ಅದನ್ನು ಪಡೆಯುವ ಹಕ್ಕು ಬಡತನದಿಂದ ಬಂದುದಲ್ಲ, ಪೌರತ್ವದಿಂದ ಬಂದುದು. ಪೌರನಾದ ಉಳ್ಳವನಿಗೂ ಗೋಧಿ ಉಂಟು. ಪೌರನಲ್ಲದ ಹಸಿದವನಿಗೆ ಇಲ್ಲ. ಕೊಡುವವನ ಕಣ್ಣಿಗೆ ಕಾಣುತ್ತಿದ್ದದ್ದು ತನ್ನ ನಗರ, ತನ್ನ ಪೌರರು. ಹಳ್ಳಿಯಿಂದ ಓಡಿಬಂದು ಊರ ಬಾಗಿಲಲ್ಲಿ ಬಿದ್ದಿದ್ದವನು, ಊರಿಲ್ಲದವನು, ರೋಗದಿಂದ ಮುಖಗೆಟ್ಟವನು ಆ ಲೆಕ್ಕದಲ್ಲಿ ಸೇರುತ್ತಿರಲಿಲ್ಲ.

ಅಂಥವನನ್ನು ಲೆಕ್ಕಕ್ಕೆ ಸೇರಿಸಿದವರಲ್ಲಿ ಮೊದಲಿಗರು ಯೆಹೂದ್ಯರು. ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂಬುದು ಅವರ ಧರ್ಮಶಾಸ್ತ್ರದ ಕಟ್ಟಳೆ. ಕ್ರೈಸ್ತರಿಗೆ ಇದು ತವರಿನಿಂದ ಬಂದ ಬಳುವಳಿ. ಪೌಲನು ಗ್ರೀಕ್ ಊರುಗಳ ಸಭೆಗಳಿಂದ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದನು. ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನ್ ಎಂಬ ಲೇಖಕನು ಭಾನುವಾರದ ಪೂಜೆಯನ್ನು ವರ್ಣಿಸುತ್ತ, ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಾರೆ, ಆ ಹಣದಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ಪೋಷಣೆ ಪಡೆಯುತ್ತಾರೆ ಎಂದು ತಿಳಿಸುತ್ತಾನೆ. ಕ್ರಿ.ಶ. 251ರ ಸುಮಾರಿಗೆ ರೋಮಿನ ಸಭೆಯೊಂದೇ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತೆಂದು ಅಲ್ಲಿಯ ಬಿಷಪ್ ಕೊರ್ನೇಲಿಯಸನ ಪತ್ರದಿಂದ ತಿಳಿಯುತ್ತದೆ. ಕ್ರೈಸ್ತಧರ್ಮ ಆಗ ರಾಜನ ಆಶ್ರಯ ಪಡೆದ ಧರ್ಮವಲ್ಲ, ಕಿರುಕುಳಕ್ಕೆ ಒಳಗಾಗಿದ್ದ ಧರ್ಮ ಎಂಬುದನ್ನು ನೆನೆಯಬೇಕು.

ಇದರ ಪರಿಣಾಮ ಎಷ್ಟಾಯಿತೆಂಬುದಕ್ಕೆ ಒಳ್ಳೆಯ ಸಾಕ್ಷಿ ದೊರೆಯುವುದು ವಿರೋಧಿಯ ಬಾಯಿಯಿಂದ. ಹಳೆಯ ದೇವತೆಗಳ ಆರಾಧನೆಯನ್ನು ಮತ್ತೆ ನೆಲೆಗೊಳಿಸಲು ಹೊರಟ ಜೂಲಿಯನ್ ಚಕ್ರವರ್ತಿ 362ರಲ್ಲಿ ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಯೆಹೂದ್ಯರಲ್ಲಿ ಭಿಕ್ಷುಕರೇ ಇಲ್ಲ, ಈ ಗಲಿಲಾಯದವರಂತೂ ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಯ ಸಂಗತಿ ಎಂಬುದು ಅದರ ಸಾರಾಂಶ. ಊರೂರಿಗೆ ಧರ್ಮಶಾಲೆ ಕಟ್ಟಿಸಬೇಕೆಂದು ಅಪ್ಪಣೆ ಮಾಡಿ, ವರ್ಷಕ್ಕೆ 30,000 ಅಳತೆ ಗೋಧಿಯನ್ನೂ 60,000 ಅಳತೆ ದ್ರಾಕ್ಷಾರಸವನ್ನೂ ಅವನು ಮಂಜೂರು ಮಾಡಿದನು. ಈ ಪತ್ರ ಜೂಲಿಯನನದೇ ಹೌದೇ ಎಂದು ಈಚಿನ ಕೆಲವು ವಿದ್ವಾಂಸರು ಸಂದೇಹಪಟ್ಟಿದ್ದಾರೆ. ಬಹುಮಂದಿ ಅದನ್ನು ಒಪ್ಪುತ್ತಾರೆ. 363ರಲ್ಲಿ ಜೂಲಿಯನನು ಪರ್ಷಿಯದ ಯುದ್ಧದಲ್ಲಿ ಮಡಿದನು. ಈ ಜೂಲಿಯನನು ತಾರುಣ್ಯದಲ್ಲಿ ಅಥೆನ್ಸಿನಲ್ಲಿ ಓದುತ್ತಿದ್ದಾಗ ಅದೇ ಊರಿನಲ್ಲಿ ಕಪ್ಪದೋಕ್ಯದ ಇಬ್ಬರು ಗೆಳೆಯರೂ ಓದುತ್ತಿದ್ದರು. ಒಬ್ಬ ನಜಿಯಾನ್ಜಸಿನ ಗ್ರೆಗೊರಿ, ಇನ್ನೊಬ್ಬ ನಮ್ಮ ಕಥೆಯ ನಾಯಕ ಬೇಸಿಲ್.

ಬೇಸಿಲನು ಹುಟ್ಟಿದ್ದು 330ರ ಸುಮಾರಿಗೆ. ಜಮೀನು, ವಿದ್ಯೆ ಎರಡೂ ಇದ್ದ ಮನೆ. ತಂದೆ ವಾಗ್ಮಿತೆಯ ಅಧ್ಯಾಪಕ. ಹಿಂಸೆಯ ಕಾಲದಲ್ಲಿ ಕಾಡಿನಲ್ಲಿ ತಲೆಮರೆಸಿಕೊಂಡು ಬದುಕಿದ ಅಜ್ಜಿಯ ಮಡಿಲಿನಲ್ಲಿ ಅವನು ಧರ್ಮದ ಮೊದಲ ಪಾಠ ಕಲಿತನು. ಅಥೆನ್ಸಿನಲ್ಲಿ ಓದಿ ಬಂದಾಗ ಪಾಂಡಿತ್ಯದ ಬಿಗುಮಾನ ತಲೆಗೇರಿತ್ತೆಂದೂ, ಅಕ್ಕ ಮಕ್ರೀನಳೇ ಅದನ್ನು ಇಳಿಸಿದಳೆಂದೂ ತಮ್ಮನಾದ ನಿಸ್ಸಾದ ಗ್ರೆಗೊರಿ ಬರೆದಿದ್ದಾನೆ. ಬೇಸಿಲನು ಅಧ್ಯಾಪಕನಾಗಿ ಉಳಿಯಲಿಲ್ಲ. ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಗಳ ವಿರಕ್ತರನ್ನು ನೋಡಿಬಂದು, ನದಿಯ ದಡದಲ್ಲಿ ಕೆಲವು ಕಾಲ ತಪಸ್ವಿಯಂತೆ ಬಾಳಿ, ಅನಂತರ ಕೈಸರೈಯದ ಸಭೆಯಲ್ಲಿ ಪಾದ್ರಿಯಾದನು. ಒಂಟಿಯಾಗಿ ಕುಳಿತವನು ಯಾರ ಕಾಲು ತೊಳೆದಾನು ಎಂಬ ಪ್ರಶ್ನೆಯನ್ನು ಅವನು ವಿರಕ್ತರಿಗಾಗಿ ಬರೆದ ನಿಯಮಗಳಲ್ಲಿಯೇ ಎತ್ತುತ್ತಾನೆ. ಆ ಪ್ರಶ್ನೆಗೆ ಬದುಕು ಅವನಿಂದ ಉತ್ತರ ಕೇಳುವ ಕಾಲ ಬೇಗ ಬಂದಿತು.

368-369ರ ಸುಮಾರಿನಲ್ಲಿ ಕಪ್ಪದೋಕ್ಯಕ್ಕೆ ಬರ ಬಿದ್ದಿತು. ಚಳಿಗಾಲ ಒಣಗಿಹೋಯಿತು, ವಸಂತದಲ್ಲಿ ಮಳೆ ಬರಲಿಲ್ಲ. ಬೇಸಿಲನು ಆಗ ಮಾಡಿದ ಉಪನ್ಯಾಸಗಳು ಉಳಿದುಬಂದಿವೆ. ಮೋಡವಿಲ್ಲದ ಆಕಾಶ, ಬಿರುಕುಬಿಟ್ಟ ನೆಲ, ಬತ್ತಿದ ಹೊಳೆ, ಹೊಲದ ಅಂಚಿನಲ್ಲಿ ಕುಳಿತು ಮೊಳಕಾಲು ತಬ್ಬಿಕೊಂಡು ಅಳುವ ರೈತ, ಎಲ್ಲವೂ ಅವುಗಳಲ್ಲಿ ಕಾಣುತ್ತವೆ. ಮಳೆಗಾಗಿ ಪ್ರಾರ್ಥನೆ ಇಟ್ಟರೆ ದೊಡ್ಡವರು ವ್ಯಾಪಾರ ಬಿಟ್ಟು ಬರುತ್ತಿರಲಿಲ್ಲವಂತೆ. ಶಾಲೆಯ ಮಕ್ಕಳನ್ನು ಕಳುಹಿಸುತ್ತಿದ್ದರಂತೆ. ಪಾಟಿ ಬಿಟ್ಟು ಬಂದ ಮಕ್ಕಳಿಗೆ ಅದೊಂದು ರಜೆ, ಖುಷಿ. ತಪ್ಪು ಮಾಡದ ಕೂಸುಗಳನ್ನು ಪ್ರಾರ್ಥನೆಗೆ ನೂಕಿ, ತಪ್ಪು ಮಾಡಿದವರು ಪೇಟೆಯಲ್ಲಿ ಕುಳಿತಿದ್ದಾರಲ್ಲ ಎಂದು ಬೇಸಿಲನು ಕೆರಳುತ್ತಾನೆ.

ಅವನ ದೃಷ್ಟಿಯಲ್ಲಿ ಆ ತಪ್ಪು ಯಾವುದು? ಬರ ದೇವರಿಂದ ಬಂದಿರಬಹುದು. ಹಸಿವು ಬಂದದ್ದು ಕಣಜದಿಂದ. ಊರಿನಲ್ಲಿ ಧಾನ್ಯ ಇಲ್ಲದೆ ಇರಲಿಲ್ಲ. ಬೆಲೆ ಇನ್ನೂ ಏರಲಿ ಎಂದು ಬೀಗ ಹಾಕಿದ ಮನೆಗಳಲ್ಲಿ ಇತ್ತು. ಈ ಕಾಲಕ್ಕೆ ಸೇರಿದುದೆಂದು ಎಣಿಸಲಾಗುವ ಇನ್ನೊಂದು ಉಪನ್ಯಾಸದಲ್ಲಿ ಅವನು ಒಬ್ಬ ತಂದೆಯ ಚಿತ್ರವನ್ನು ಬಿಡಿಸುತ್ತಾನೆ. ಮನೆಯಲ್ಲಿ ಮಾರಲು ಇನ್ನೇನೂ ಉಳಿದಿಲ್ಲ. ಒಂದು ಮಗುವನ್ನು ಮಾರಿದರೆ ಉಳಿದ ಮಕ್ಕಳು ಬದುಕುತ್ತವೆ. ಯಾವ ಮಗುವನ್ನು? ಹಿರಿಯವನನ್ನು ಕೊಡೋಣವೆಂದರೆ ಅವನು ಹಿರಿಯವನು. ಕಿರಿಯವನನ್ನು ಕೊಡೋಣವೆಂದರೆ ಅವನಿಗೆ ಇನ್ನೂ ಏನೂ ತಿಳಿಯದು. ಒಬ್ಬ ತಂದೆಯನ್ನು ಹೋಲುತ್ತಾನೆ, ಮತ್ತೊಬ್ಬನಿಗೆ ಓದು ಹತ್ತಿದೆ. ಕೊನೆಗೂ ಒಬ್ಬನ ಕೈಹಿಡಿದುಕೊಂಡು ಅವನು ಪೇಟೆಗೆ ಹೋದಾಗ, ಕೊಳ್ಳುವ ಸಿರಿವಂತನು ಆ ಕಣ್ಣೀರಿನ ಎದುರಿನಲ್ಲಿಯೂ ಬೆಲೆ ಚೌಕಾಸಿ ಮಾಡುತ್ತಾನೆ. ಧಾನ್ಯ ತುಟ್ಟಿಯಾದಾಗ ಮನುಷ್ಯ ಹೇಗೆ ಅಗ್ಗವಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಚಿತ್ರವನ್ನು ನಾನು ಓದಿಲ್ಲ.

ನನ್ನದನ್ನು ನಾನು ಇಟ್ಟುಕೊಂಡಿದ್ದೇನೆ, ಯಾರಿಗೆ ಅನ್ಯಾಯ ಮಾಡಿದೆ ಎಂದು ಕೇಳುವ ಧನಿಕನಿಗೆ ಬೇಸಿಲನ ಉತ್ತರ ಪ್ರಸಿದ್ಧವಾಗಿದೆ. ರಂಗಮಂದಿರಕ್ಕೆ ಮೊದಲು ಹೋದವನು, ಎಲ್ಲರಿಗೂ ಮೀಸಲಾದ ಜಾಗವನ್ನು ತನ್ನದೆಂದು ಬಾಗಿಲು ಹಾಕಿಕೊಂಡು, ಹಿಂದೆ ಬಂದವರನ್ನು ತಡೆದರೆ ಹೇಗೋ ಹಾಗೆ ಇದು ಎನ್ನುತ್ತಾನೆ. ಹುಟ್ಟುವಾಗ ಏನನ್ನು ಹೊತ್ತು ತಂದೆ ಎಂದು ಕೇಳುತ್ತಾನೆ. ಪೆಟ್ಟಿಗೆಯಲ್ಲಿ ಮುಗ್ಗುತ್ತಿರುವ ಬಟ್ಟೆಗೆ, ಮನೆಯಲ್ಲಿ ಕೊಳೆಯುತ್ತಿರುವ ಆಹಾರಕ್ಕೆ ನಿಜವಾದ ಒಡೆಯ ಅದಿಲ್ಲದವನೇ. ಕೊಡಬಲ್ಲವನಾಗಿದ್ದು ಕೊಡದವನಿಗೂ ಕಳ್ಳನಿಗೂ ಭೇದವಿಲ್ಲ ಎಂಬುದು ಅವನ ವಾದದ ತಿರುಳು. ಸೇದಿದಷ್ಟೂ ಬಾವಿಯ ನೀರು ತಿಳಿಯಾಗುತ್ತದೆ, ಬಿಟ್ಟರೆ ಕೆಡುತ್ತದೆ ಎಂಬ ಹೋಲಿಕೆಯನ್ನೂ ಕೊಡುತ್ತಾನೆ. ನಮ್ಮ ಹಳ್ಳಿಯ ಯಾವ ಮುದುಕನೂ ಒಪ್ಪುವ ಮಾತು ಅದು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಪ್ರೀತಿಯಿಂದ ಕೊಡು ಎಂದು ಹೇಳುವವರು ಸಾಮಾನ್ಯವಾಗಿ ಕೊಡುವವನ ಹೃದಯದ ಔದಾರ್ಯವನ್ನು ಹೊಗಳುತ್ತಾರೆ. ಬೇಸಿಲನು ಮಾಡುವುದು ಅದಲ್ಲ. ಕೊಡುವುದನ್ನು ಅವನು ಸಾಲ ತೀರಿಸುವುದಕ್ಕೆ ಇಳಿಸುತ್ತಾನೆ. ನೀನು ಕೊಟ್ಟದ್ದು ನಿನ್ನದಲ್ಲ, ಅವನದ್ದನ್ನೇ ಅವನಿಗೆ ಹಿಂದಿರುಗಿಸಿದೆ ಎಂದ ಮೇಲೆ ಕೊಟ್ಟವನಿಗೆ ಉಬ್ಬಲು ಎಡೆಯೆಲ್ಲಿ? ಪಡೆದವನು ತಲೆ ತಗ್ಗಿಸಲು ಕಾರಣವೆಲ್ಲಿ? ಮೇಲುನೋಟಕ್ಕೆ ಪ್ರೀತಿಯನ್ನು ಕಸಿದುಕೊಂಡಂತೆ ಕಾಣುವ ಈ ಮಾತು ನಿಜಕ್ಕೂ ಪ್ರೀತಿಗೆ ದಾರಿ ಬಿಡಿಸುತ್ತದೆ. ಉಪಕಾರದ ಹೊರೆ ಇಳಿದ ಮೇಲೆಯೇ ಇಬ್ಬರು ಮನುಷ್ಯರು ಒಬ್ಬರ ಮುಖವನ್ನೊಬ್ಬರು ನೋಡಬಲ್ಲರು.

ಬರಿಯ ಮಾತಿನಿಂದ ಹೊಟ್ಟೆ ತುಂಬುವುದಿಲ್ಲವಷ್ಟೆ. ಬೇಸಿಲನು ತನ್ನ ಪಿತ್ರಾರ್ಜಿತವನ್ನು ಖರ್ಚು ಮಾಡಿದನು. ಕಣಜಗಳ ಒಡೆಯರನ್ನು ಕಾಡಿಬೇಡಿ ಬಾಗಿಲು ತೆರೆಸಿದನು. ಹಸಿದವರನ್ನು ಒಂದೆಡೆ ಸೇರಿಸಿ, ದೊಡ್ಡ ಕೊಪ್ಪರಿಗೆಗಳಲ್ಲಿ ಕಾಳಿನ ಗಂಜಿಯನ್ನೂ ಉಪ್ಪು ಹಾಕಿ ಕಾಪಿಟ್ಟ ಮಾಂಸವನ್ನೂ ಬೇಯಿಸಿ ಬಡಿಸಿದನು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ಉಸಿರು ಮಾತ್ರ ಉಳಿದವರು ಎಲ್ಲರೂ ಅಲ್ಲಿದ್ದರೆಂದು ಗೆಳೆಯ ಗ್ರೆಗೊರಿ ನೆನೆಯುತ್ತಾನೆ. ಯೆಹೂದ್ಯರ ಮಕ್ಕಳಿಗೂ ಅಲ್ಲಿ ಸಮಪಾಲು ಇತ್ತೆಂದು ತಮ್ಮ ಗ್ರೆಗೊರಿ ತಿಳಿಸುತ್ತಾನೆ. ಬೇಸಿಲನು, ಶಿಷ್ಯರ ಪಾದ ತೊಳೆದ ಯೇಸುವಿನಂತೆ, ಸೊಂಟಕ್ಕೆ ಬಟ್ಟೆ ಸುತ್ತಿ ತಾನೇ ಸೇವೆಗೆ ನಿಂತನಂತೆ. ಅಥೆನ್ಸಿನಲ್ಲಿ ಓದಿ ಬಂದ ಜಮೀನುದಾರರ ಮನೆಯ ಮಗ ಸೊಂಟಕ್ಕೆ ಬಟ್ಟೆ ಸುತ್ತಿ ನಿಲ್ಲುವುದೆಂದರೆ ಅಂದಿನ ಸಮಾಜದಲ್ಲಿ ಆಳುಮಗನ ಸ್ಥಾನದಲ್ಲಿ ನಿಲ್ಲುವುದೆಂದೇ ಅರ್ಥ.

ಈ ವಿವರ ನನಗೆ ಏಕೆ ದೊಡ್ಡದಾಗಿ ಕಾಣುತ್ತದೆಂಬುದಕ್ಕೆ ನನ್ನದೇ ಒಂದು ಕಾರಣವಿದೆ. 1972ರ ಬರಗಾಲದಲ್ಲಿ ನಾನು ಹನ್ನೆರಡು ವರ್ಷದ ಹುಡುಗ. ನಮ್ಮದು ಉತ್ತರದ ಜೋಳದ ಸೀಮೆ. ಮನೆಯ ಹಗೇವು ಬರಿದಾದ ಮೇಲೆ ಊರಿನಲ್ಲಿ ತೆರೆದಿದ್ದ ಗಂಜಿ ಕೇಂದ್ರಕ್ಕೆ ಅವ್ವ ನನ್ನ ಕೈಯಲ್ಲಿ ಗಂಗಾಳ ಕೊಟ್ಟು ಕಳುಹಿಸಿದಳು. ಬಡಿಸುವವರು ಇಬ್ಬರಿದ್ದರು. ಒಬ್ಬ ಬಿಳಿಯ ಬಟ್ಟೆಯ ಗೃಹಸ್ಥ ಸೌಟು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, “ಏ ತಮ್ಮಾ, ನೀ ಯಾರ ಮಗಾ? ನಿಮ್ಮ ಮನ್ಯಾಗೂ ಜ್ವಾಳ ತೀರಿದ್ವೇನು?” ಎಂದ. ನಾನು ಸಾಲು ಬಿಟ್ಟು ಇನ್ನೊಂದು ಕಡೆ ಹೋದೆ. ಅಲ್ಲಿ ಒಬ್ಬ ಮುದುಕಿ ನನ್ನ ಮುಖ ನೋಡದೆ ಗಂಗಾಳ ತುಂಬಿ, “ಸುಡು ಸುಡು ಐತಪಾ, ನೋಡ್ಕೊಂಡು ಉಣ್ಣು” ಎಂದಳು. ಎರಡು ಕೊಪ್ಪರಿಗೆಗಳಲ್ಲಿಯೂ ಇದ್ದದ್ದು ಒಂದೇ ಗಂಜಿ. ತರಗತಿಯ ಆ ಹುಡುಗ ದಾನಕ್ಕೂ ಪ್ರೀತಿಗೂ ಇರುವ ಭೇದವನ್ನು ಕೇಳಿದಾಗ ನಾನು ಪದಕೋಶದ ಉತ್ತರ ಕೊಟ್ಟೆ. ಮನಸ್ಸಿನಲ್ಲಿ ಇದ್ದದ್ದು ಈ ಎರಡು ಸೌಟುಗಳು.

ಮತ್ತೆ ಕೈಸರೈಯಕ್ಕೆ ಹೋಗೋಣ. ಮಳೆ ಬಂದ ಮೇಲೆ ಬರ ಹೋಗುತ್ತದೆ, ಬಡತನ ಹೋಗುವುದಿಲ್ಲ. ಇದನ್ನು ಕಂಡುಕೊಂಡದ್ದು ಬೇಸಿಲನ ಎರಡನೆಯ ಹಿರಿಮೆ. 370ರಲ್ಲಿ ಅವನು ಕೈಸರೈಯದ ಬಿಷಪ್ಪನಾದನು. ಊರ ಹೊರಗೆ ಒಂದು ದೊಡ್ಡ ಆಶ್ರಯಸ್ಥಾನವನ್ನು ಕಟ್ಟಿಸಿದನು. ಮುಂದಿನ ಕಾಲದವರು ಅದನ್ನು ಅವನ ಹೆಸರಿನಿಂದಲೇ ‘ಬಸಿಲಿಯಾಸ್’ ಎಂದು ಕರೆದರು. ಅದರ ಒಳಗೆ ಏನೇನಿತ್ತೆಂಬುದು ನಮಗೆ ಗೊತ್ತಾಗುವುದು ಒಂದು ದೂರಿನ ದೆಸೆಯಿಂದ. ಪ್ರಾಂತದ ಅಧಿಕಾರಿ ಎಲಿಯಾಸ್ ಎಂಬವನ ಕಿವಿಯಲ್ಲಿ ಯಾರೋ, ಈ ಬಿಷಪ್ ಸರ್ಕಾರಕ್ಕೆ ಮಾರಕನಾಗುತ್ತಿದ್ದಾನೆಂದು ಊದಿದ್ದರು. ಬೇಸಿಲನು ಅವನಿಗೆ ಪತ್ರ ಬರೆದು ಲೆಕ್ಕ ಒಪ್ಪಿಸಿದನು: ಒಂದು ದೇವಾಲಯ, ಸಭೆಯ ಸೇವಕರಿಗೆ ವಾಸದ ಮನೆಗಳು, ದಾರಿಹೋಕರಿಗೂ ರೋಗಿಗಳಿಗೂ ತಂಗುಮನೆಗಳು, ಅವರನ್ನು ನೋಡಿಕೊಳ್ಳಲು ದಾದಿಗಳು, ವೈದ್ಯರು, ಹೊರೆ ಹೊರುವ ಪ್ರಾಣಿಗಳು, ದಾರಿ ತೋರುವ ಜೊತೆಗಾರರು, ಬಾಳಿಗೆ ಬೇಕಾದ ಕಸುಬುಗಳು, ಆ ಕಸುಬುಗಳಿಗೆ ಬೇಕಾದ ಕಟ್ಟಡಗಳು. ಇದರಿಂದ ನಿನ್ನ ಆಡಳಿತಕ್ಕೆ ಕೀರ್ತಿಯೇ ಹೊರತು ಕೇಡೇನು ಎಂದು ಅವನು ಜಾಣತನದಿಂದ ಕೇಳುತ್ತಾನೆ.

ಆ ಪಟ್ಟಿಯನ್ನು ಓದುವಾಗ ಪ್ರೀತಿ ಎಂಬ ಭಾವ ವ್ಯವಸ್ಥೆಯಾಗಿ ಮಾರ್ಪಡುವುದನ್ನು ಕಾಣುತ್ತೇವೆ. ಹೃದಯ ಕರಗಿದ ಒಂದು ದಿನ ಯಾರು ಬೇಕಾದರೂ ಒಂದು ಹೊತ್ತಿನ ಊಟ ಹಾಕಿಯಾರು. ಮರುದಿನವೂ ಒಲೆ ಉರಿಯಬೇಕಾದರೆ ಸೌದೆ ಬೇಕು, ವೈದ್ಯ ಬೇಕು, ಕತ್ತೆ ಬೇಕು, ಲೆಕ್ಕ ಬೇಕು. ಬಡವರ ಮನೆಗೆ ತೆರಿಗೆ ಬಿಡಿಸಿಕೊಡಬೇಕೆಂದು ಬೇಸಿಲನು ಲೆಕ್ಕಾಧಿಕಾರಿಗಳಿಗೆ ಬರೆದ ಪತ್ರಗಳೂ ಇವೆ. ತನ್ನ ದೈವಸಿದ್ಧಾಂತವನ್ನು ವಿರೋಧಿಸುತ್ತಿದ್ದ ವಾಲೆನ್ಸ್ ಚಕ್ರವರ್ತಿಯಿಂದಲೇ ಅವನ ಆರೈಕೆಯಲ್ಲಿದ್ದ ಬಡವರಿಗೆ ಭೂಮಿ ದೊರೆಯಿತೆಂದು ಥಿಯೊಡೊರೆಟ್ ಎಂಬ ಇತಿಹಾಸಕಾರ ಬರೆಯುತ್ತಾನೆ.

ಆ ಮನೆಯಲ್ಲಿ ಕುಷ್ಠರೋಗಿಗಳಿಗೂ ಜಾಗವಿತ್ತು. ಅಂದು ಅವರನ್ನು ಊರಿನಿಂದ, ಸಂತೆಯಿಂದ, ಬಾವಿಯ ಬಳಿಯಿಂದ ಅಟ್ಟುತ್ತಿದ್ದರು; ಹೆತ್ತ ತಾಯಿಯೂ ಹತ್ತಿರ ಸೇರಿಸಲು ಅಂಜುತ್ತಿದ್ದಳು. ಬೇಸಿಲನು ಅವರನ್ನು ಸೋದರರಂತೆ ಮುತ್ತಿಟ್ಟು ಬರಮಾಡಿಕೊಂಡನೆಂದು ಗ್ರೆಗೊರಿ ಹೇಳುತ್ತಾನೆ. ಬೇಸಿಲನ ಮರಣಾನಂತರ ಮಾಡಿದ ಸ್ತುತಿಭಾಷಣದಲ್ಲಿ ಅವನು ಈ ಆಶ್ರಯಸ್ಥಾನವನ್ನು ಒಂದು ಹೊಸ ನಗರವೆಂದು ಬಣ್ಣಿಸಿ, ಪಿರಮಿಡ್ಡುಗಳು, ಬಾಬಿಲೋನಿನ ಗೋಡೆ ಮೊದಲಾದ ಜಗತ್ತಿನ ಅದ್ಭುತಗಳನ್ನು ಇದರ ಮುಂದೆ ನಿವಾಳಿಸಿಬಿಡುತ್ತಾನೆ. ಅವು ಕಟ್ಟಿಸಿದವರಿಗೆ ಒಂದಿಷ್ಟು ಹೆಸರಲ್ಲದೆ ಬೇರೇನನ್ನೂ ತರಲಿಲ್ಲವೆಂಬುದು ಅವನ ಆಕ್ಷೇಪ.

ಹೊಗಳಿಕೆಯ ಭಾಷಣವನ್ನು ಇತಿಹಾಸವೆಂದು ಪೂರ್ತಿ ನಂಬುವುದು ಸಲ್ಲದು. ಬೇಸಿಲನೇ ಮೊದಲಿಗನಲ್ಲ, ಅವನಿಗಿಂತ ಮುಂಚೆ ಸೆಬಾಸ್ತೆಯ ಯೂಸ್ತಾಥಿಯಸ್ ಎಂಬವನು ತನ್ನ ಊರಿನಲ್ಲಿ ಬಡವರ ಮನೆಯೊಂದನ್ನು ನಡೆಸಿದ್ದನು. ಬಡವರ ಪೋಷಕನಾದ ಬಿಷಪ್ಪನಿಗೆ ಊರಿನಲ್ಲಿ ಹೊಸದೊಂದು ಅಧಿಕಾರ ಬಂದಿತು. ಎಲಿಯಾಸನ ಕಿವಿಯೂದಿದವರ ಭಯ ಪೂರ್ತಿ ಸುಳ್ಳಲ್ಲ. ಬೇಡುವವರಲ್ಲಿ ನಿಜವಾದ ಬಡವನಾರು, ಕಸುಬಿನ ಭಿಕ್ಷುಕನಾರು ಎಂದು ಬೇರ್ಪಡಿಸಲು ಅನುಭವಿಯಾದ ಹಂಚುವವನು ಬೇಕೆಂದು ಬೇಸಿಲನೂ ಭಾವಿಸಿದ್ದುಂಟು. ಅಂಥ ವಿಂಗಡಣೆಯಿಂದ ಮುಂದಿನ ಶತಮಾನಗಳಲ್ಲಿ ಎಷ್ಟು ಅವಮಾನ ಹುಟ್ಟಿತೆಂಬುದನ್ನು ಇತಿಹಾಸ ಬಲ್ಲದು. ಮಗುವನ್ನು ಮಾರುವ ತಂದೆಗಾಗಿ ಅತ್ತವನು ಕೊಳ್ಳುವ ಪೇಟೆಯನ್ನೇ ಮುಚ್ಚಬೇಕೆಂದು ಕೇಳಲಿಲ್ಲ. ಮನುಷ್ಯನಿಗೆ ಬೆಲೆ ಕಟ್ಟುವುದೇ ದೇವದ್ರೋಹವೆಂಬ ಮಾತನ್ನು ಮುಂದೆ ಒಂದು ಉಪನ್ಯಾಸದಲ್ಲಿ ಆಡಿದವನು ತಮ್ಮನಾದ ನಿಸ್ಸಾದ ಗ್ರೆಗೊರಿ. ಅಣ್ಣ ನಿಂತ ಕಡೆಯಿಂದ ತಮ್ಮ ಒಂದು ಹೆಜ್ಜೆ ಮುಂದಿಟ್ಟನು.

ಆದರೂ ಹಚ್ಚಿದ ದೀಪ ಹರಡಿತು. 372-373ರ ಬರದಲ್ಲಿ, ಸಿರಿಯಾಕ್ ಭಾಷೆಯ ಮಹಾಕವಿ ಎಫ್ರೇಮನು ಎದೆಸ್ಸಾ ಪಟ್ಟಣದ ಧನಿಕರನ್ನು ಹೀಗೆಯೇ ತರಾಟೆಗೆ ತೆಗೆದುಕೊಂಡನು. ಕೊಡಬಾರದೆಂದಲ್ಲ, ನಂಬಿ ಹಂಚಲು ಕೊಡೋಣವೆಂದರೆ ಯೋಗ್ಯರೇ ಇಲ್ಲವಲ್ಲ ಎಂಬುದು ಅವರ ನೆಪ. ನನ್ನ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಎಫ್ರೇಮನು ಕೇಳಿದಾಗ ಅವರು ಬಾಯಿ ತೆರೆಯಲಾರದೆ ಥೈಲಿ ತೆರೆದರು. ಊರಿನ ಮೊಗಸಾಲೆಗಳಲ್ಲಿ ಸುಮಾರು 300 ಹಾಸಿಗೆಗಳನ್ನು ಹಾಕಿಸಿ, ಆ ವೃದ್ಧಕವಿ ರೋಗಿಗಳ ಸೇವೆಗೆ ನಿಂತನು. 373ರಲ್ಲಿ ಅವನು ತೀರಿಕೊಂಡನು. ಇನ್ನು ಕೆಲವು ವರ್ಷಗಳಲ್ಲಿ ರೋಮಿನ ಫಾಬಿಯೋಲ ಎಂಬ ಶ್ರೀಮಂತ ವಿಧವೆ ತನ್ನ ಆಸ್ತಿಯನ್ನು ಮಾರಿ ರೋಗಿಗಳಿಗೆ ಮನೆ ಕಟ್ಟಿಸಿದಳು. ಇಂದು ನಾವು ಆಸ್ಪತ್ರೆ ಎಂದು ಕರೆಯುವ ಸಂಸ್ಥೆಯ ವಂಶಾವಳಿಯಲ್ಲಿ ಇವೆಲ್ಲ ಸೇರುತ್ತವೆ.

ಬೇಸಿಲನು ಐವತ್ತು ವರ್ಷ ತುಂಬುವ ಮೊದಲೇ, 379ರ ಜನವರಿ 1ರಂದು ತೀರಿಕೊಂಡನೆಂದು ಸಂಪ್ರದಾಯ. ಗ್ರೀಕರಿಗೆ ಹೊಸ ವರ್ಷದ ಮೊದಲ ದಿನವೇ ಬೇಸಿಲನ ಹಬ್ಬ. ಅಂದು ಅವನ ಹೆಸರಿನಲ್ಲಿ ಒಂದು ಸಿಹಿರೊಟ್ಟಿ ಬೇಯಿಸಿ, ಒಳಗೆ ಒಂದು ನಾಣ್ಯವನ್ನು ಅಡಗಿಸಿಟ್ಟು, ಮನೆಯ ಯಜಮಾನ ಪಾಲು ಮಾಡುತ್ತಾನೆ. ಎಷ್ಟೋ ಮನೆಗಳಲ್ಲಿ ಒಂದು ಪಾಲನ್ನು ಬಡವನದೆಂದು ತೆಗೆದಿಡುವ ವಾಡಿಕೆ ಇದೆ. ಕಪ್ಪದೋಕ್ಯದ ಕ್ರೈಸ್ತ ಗ್ರೀಕರು 1923ರ ಒಪ್ಪಂದದಂತೆ ಆ ನಾಡನ್ನೇ ಬಿಟ್ಟು ಗ್ರೀಸಿಗೆ ಹೋಗಬೇಕಾಯಿತು. ಮನೆ ಹೋಯಿತು, ಹೊಲ ಹೋಯಿತು. ರೊಟ್ಟಿಯ ಪದ್ಧತಿ ಅವರ ಜೊತೆಗೆ ಹೋಯಿತು.

ಆ ರೊಟ್ಟಿಯ ಪದ್ಧತಿಯಲ್ಲಿ ನನಗೆ ಮೆಚ್ಚಿಕೆಯಾದ ಅಂಶ ಇದು. ಬಡವನ ಪಾಲನ್ನು ಕತ್ತರಿಸುವುದು ಎಲ್ಲರೂ ಉಂಡು ಮಿಕ್ಕ ಮೇಲೆ ಅಲ್ಲ, ಮನೆಯವರ ಪಾಲುಗಳ ಜೊತೆಯಲ್ಲಿಯೇ. ನಾಣ್ಯ ಆ ಪಾಲಿನಲ್ಲಿ ಸಿಕ್ಕರೆ ಅದು ಬಡವನದೇ. ಅವನು ಇನ್ನೂ ಬಾಗಿಲಿಗೆ ಬಂದಿಲ್ಲ, ಬೇಡಿಲ್ಲ, ಅವನ ಹೆಸರು ಯಾರಿಗೂ ತಿಳಿಯದು. ಆದರೂ ಪಾಲಿನಲ್ಲಿ ಅವನು ಆಗಲೇ ಇದ್ದಾನೆ. ಅಂದು ತರಗತಿಯಲ್ಲಿ ಎದ್ದು ನಿಂತ ಆ ಹುಡುಗ ಈಗ ಎಲ್ಲಿದ್ದಾನೋ ನಾನರಿಯೆ. ಈ ಮಾತು ಅವನ ಕಿವಿಗೆ ಬಿದ್ದರೆ, ದಾನಕ್ಕೂ ಪ್ರೀತಿಗೂ ಇರುವ ಭೇದವನ್ನು ಪದಕೋಶದಲ್ಲಿ ಹುಡುಕಬೇಡವೆಂದು ಹೇಳಬೇಕೆನಿಸುತ್ತದೆ. ಕೈಯಲ್ಲಿ ಸೌಟು ಹಿಡಿದಾಗ ಎದುರಿನವನನ್ನು ಯಾರ ಮಗನೆಂದು ಕೇಳುತ್ತೇವೆಯೋ, ಬಿಸಿ ಇದೆ ನೋಡಿಕೊಂಡು ಉಣ್ಣಪ್ಪ ಎನ್ನುತ್ತೇವೆಯೋ, ಅಲ್ಲಿ ಅದು ತಾನಾಗಿ ತಿಳಿಯುತ್ತದೆ.